ಮರದ ಮ್ಯಾಲೆ ಬೆರಳು ಸತ್ತಾಗ

ನನ್ ಕೈ ಸುಟ್ಟಿದ್ದು ನಂಗೇ ಗೊತ್ತಾಗ್ಲಿಲ್ಲ. ಮೊದ್ಲು ವಾಸ್ನೆ ಬಂತು. ಕೂದ್ಲು ಸುಟ್ಟಂಗೆ. ಎಲ್ಲಿಂದ ಬರ್ತಾ ಐತೆ ಅಂತ ಸುತ್ತ ಮುತ್ತ ನೋಡ್ದೆ, ನನ್ ಬಲಗೈಯಿಂದ ಬರ್ತಿತ್ತು.

ಅಲ್ಲಿಂದ್ಲೇ ಶುರು ಮಾಡ್ತೀನಿ. ನಾನು ಓದಿರೋದು ನಾಕನೇ ಕ್ಲಾಸು. ಸುತ್ತಿ ಬಳಸಿ ಬರ್ಯಾಕೆ ಬರಲ್ಲ. ಬೆರಳು ಜೋಮು ಹಿಡ್ದು, ಚಿವುಟಿದ್ರೂ ಗೊತ್ತಾಗ್ದೆ, ಯಾರಿಗೂ ಹೇಳಾಕಾಗ್ದೆ ಕೈನ ಜೇಬಲ್ಲಿ ಬಚ್ಚಿಟ್ಕಂಡು ಓಡಾಡೋರು ಇದಾರೆ. ನಾನೂ ಅಂಗೇ ಓಡಾಡ್ದೋನು. ಅಂತೋರು ಓದ್ಲಿ ಅಂತ ಬರೀತಾ ಇದೀನಿ. ಮಿಕ್ಕೋರು ಓದಿದ್ರೆ ಓದ್ಲಿ, ಇಲ್ಲ ಬುಡ್ಲಿ.

ನನ್ ಕೆಲ್ಸ ಆಗ ಮರ ಹತ್ತಿ ಕೊಂಬೆ ಕಡ್ಯೋದು. ತುಮಕೂರಲ್ಲಿ ಒಬ್ರು ಸಾಬ್ರು ಸೌದೆ ಡಿಪೋ ಇಟ್ಟವ್ರೆ. ರಸ್ತೆಗೆ ಬಗ್ಗಿರೋ ಮರ, ಕರೆಂಟ್ ತಂತಿಗೆ ತಾಗೋ ಕೊಂಬೆ, ಮನೆ ಹೆಂಚಿನ್ ಮ್ಯಾಲೆ ಒರಗಿರೋ ಹುಣಸೆ, ಇವುನ್ನೆಲ್ಲ ಕಡ್ಯೋ ಕಂತ್ರಾಟು ಅವ್ರು ಹಿಡೀತಾರೆ. ಗುಬ್ಬಿ, ಕುಣಿಗಲ್, ಬೆಳ್ಳಾವಿ, ಎಲ್ ಕೆಲ್ಸ ಐತೋ ಅಲ್ಲಿಗೆ ನಮ್ಮನ್ನ ಕಳುಸ್ತಾರೆ. ಮೊದ್ಲು ಕೊಡ್ಲಿ, ಮಚ್ಚು. ಎಂಬತ್ತನೇ ಇಸ್ವಿ ಕಳೀತಿದ್ದಂಗೆ ಬೆಂಗಳೂರಿಂದ ಒಂದು ಪೆಟ್ರೋಲ್ ಗರಗಸ ತಂದ್ರು. ಸೆಕೆಂಡ್ ಹ್ಯಾಂಡು. ನಾವು ಅದುನ್ನ ಮಿಷನ್ನು ಅಂತೀವಿ. ಸೈಕಲ್ ಚೈನಿಗೆ ಹಲ್ಲು ಬಂದಂಗೆ ಒಂದು ಚೈನು, ಉದ್ದ ಪಟ್ಟಿ ಸುತ್ತ ಓಡ್ತದೆ. ಹಿಡಿ ಕೆಳ್ಗೆ ಬಂದೂಕಿನ್ ಕುದುರೆ ತರ ಒಂದು ಐತೆ, ಅದುನ್ನ ತೋರುಬೆರಳಲ್ಲಿ ಅದುಮಿದ್ರೆ ರೇಸು. ಬುಟ್ರೆ ಚೈನು ನಿಂತ್ಕತದೆ. ಎಲ್ಲಾ ಆ ಬೆರಳಲ್ಲಿ ಐತೆ. ಇದುನ್ನ ಗ್ಯಾಪ್ಕ ಮಡಿಕ್ಕಳಿ.

ಮಿಷನ್ ಬಂದಾಗ ಬೇರೆ ಆಳುಗಳು ಹತ್ರ ಬರ್ಲಿಲ್ಲ. "ಕೊಡ್ಲಿ ಕಾಲ್ ಮ್ಯಾಲ್ ಬಿದ್ರೆ ಗಾಯ, ಇದು ಬಿದ್ರೆ ಕಾಲೇ ಇರಾಕಿಲ್ಲ" ಅಂದ್ರು. ನಾನು ಹಿಡ್ಕಂಡೆ. ವಯಸ್ಸು ಅಂತದ್ದು.

ಕೆಳ್ಗೆ ಹಗ್ಗ ಹಿಡ್ಯೋರು ನಮ್ ಭಾವ ರಂಗಸ್ವಾಮಿ, ನಮ್ಮಕ್ಕ ಜಯಮ್ಮನ ಗಂಡ. ಅಪ್ಪ ಅವ್ವ ಹೋದ್ ಮ್ಯಾಲೆ ನಾನು ಚೇಳೂರಲ್ಲಿ ಅವ್ರ್ ಮನೇಲೇ ಇರೋದು. ಭಾವ ಮಾತು ಕಮ್ಮಿ. ಹಗ್ಗದ ವಿಚಾರದಲ್ಲಿ ಮಾತ್ರ ರಾಕ್ಷಸ. ನನ್ ಸೊಂಟಕ್ಕೆ ಒಂದು ಹಗ್ಗ, ಅದು ಮ್ಯಾಲಿನ್ ಕವಲಿಗೆ ಸುತ್ತಿ ಕೆಳ್ಗಿಳ್ದು ಅವ್ರ್ ಕೈಗೆ. ಮಿಷನ್ನಿಗೆ ಬೇರೆ ಹಗ್ಗ. ಎರಡ್ನೂ ಒಂದೇ ಕೊಂಬೆಗೆ ಕಟ್ಟಂಗಿಲ್ಲ. ಕೊಂಬೆಯಿಂದ ಕೊಂಬೆಗೆ ಹೋಗೋವಾಗ ಮಿಷನ್ ಆಫ್. ಭುಜಕ್ಕಿಂತ ಮ್ಯಾಲೆ ಮಿಷನ್ ಎತ್ತಂಗಿಲ್ಲ. ಒಂದ್ ಸಲ ಎತ್ತಿದ್ದಕ್ಕೆ ಕೆಳ್ಗಿಂದ ಹಗ್ಗ ಜಗ್ಗಿ, "ಇಳೀಲಾ ಕೆಳ್ಗೆ, ಇವತ್ತಿನ್ ಕೆಲ್ಸ ಆಯ್ತು" ಅಂದ್ರು. ಸಾಬ್ರು ಬೈದ್ರೂ ಹತ್ತುಸ್ಲಿಲ್ಲ.

ಇನ್ನೊಂದು ಕಟ್ಟಳೆ ಇತ್ತು. ನಾನ್ ಹತ್ತೋಕ್ ಮುಂಚೆ ಭಾವ ಬೀಡಿ ಹಚ್ಚಿ ಅರ್ಧ ಎಳ್ದು ನಂಗೆ ಕೊಡೋರು. ಮಿಕ್ಕಿದ್ದು ನಾನು ಎಳ್ದು, ಕೊನೇ ದಮ್ಮು ವಾಪಸ್ ಅವ್ರಿಗೆ. ಅದು ಮುಗುದ್ರೆ ಹತ್ತೋದು. ಬೀಡಿ ಇಲ್ದಿದ್ ದಿನ ಅಂಗ್ಡಿ ಹುಡುಕ್ಕಂಡ್ ಹೋಗಿ ತಂದೀವಿ. ಯಾಕೆ ಏನು ಅಂತ ಇಬ್ರೂ ಮಾತಾಡಿಲ್ಲ. ಹಗ್ಗ ಹಿಡ್ಯೋನು ಹತ್ತೋನು ಒಂದೇ ಅನ್ನೋದು ಅದ್ರಲ್ಲಿ ಇತ್ತು ಅಷ್ಟೇ.

ಮಿಷನ್ ಬಂದ್ ಮ್ಯಾಲೆ ಎರಡನೇ ಚಳಿಗಾಲ ಅನ್ಸುತ್ತೆ, ಬೆಳಗ್ಗೆ ಬೆರಳು ಬೆಳ್ಳಗಾಗಾಕೆ ಶುರುವಾಯ್ತು. ಬರೀ ತುದಿ, ಆಮೇಲೆ ಎರಡನೇ ಗೆಣ್ಣಿನ್ ತಂಕ. ಮೇಣದ ಬತ್ತಿ ಬಣ್ಣ. ಗೆರೆ ಎಳ್ದಂಗೆ ಒಂದ್ ಕಡೆ ಬಿಳಿ, ಒಂದ್ ಕಡೆ ನನ್ ಬಣ್ಣ. ಮುಟ್ಟಿದ್ರೆ ಬೇರೆಯವ್ರ್ ಬೆರಳು ಮುಟ್ಟಿದಂಗೆ. ಬಿಸ್ಲು ಏರುದ್ ಮ್ಯಾಲೆ ಸರಿ ಹೋಗೋದು. ನಾನು ತಲೆ ಕೆಡಿಸ್ಕಳ್ಳಿಲ್ಲ. ಅದುಕ್ಕೆ ಒಂದು ಉಪಾಯ ಮಾಡಿದ್ದೆ. ಮಿಷನ್ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಹತ್ರ ಕೈ ಹಿಡ್ದು ಕಾಯಿಸ್ಕಳೋದು. ಒಲೆ ಮುಂದೆ ಕೂತಂಗೆ.

ಕುಣಿಗಲ್ ತಾಲೂಕು ಕೊತ್ತಗೆರೆ ಕಡೆ ರಸ್ತೇಲಿ ಒಂದು ದೊಡ್ಡ ಹುಣಸೇಮರ. ಮಂಜು ಬಿದ್ದಿತ್ತು. ಕೈ ಕಾಯಿಸ್ತಾ ಭಾವನ್ ಜೊತೆ ಮಾತಾಡ್ತಾ ಇದ್ದೆ. ವಾಸ್ನೆ ಬಂತು. ನೋಡಿದ್ರೆ ಎರಡು ಬೆರಳು ಸೈಲೆನ್ಸರ್‌ಗೇ ಒತ್ಕಂಡಿದ್ವು. ಕಿತ್ಕಂಡೆ. ಚರ್ಮ ಅಲ್ಲೇ ಒಸಿ ಅಂಟ್ಕಂಡಿತ್ತು. ನೋವಿಲ್ಲ. ಒಂಚೂರೂ ಇಲ್ಲ.

ಭಾವ ಬೀಡಿ ಹಿಡ್ಕಂಡ್ ನಿಂತಿದ್ರು. ನನ್ ಬೆರಳು ನೋಡಿದ್ರು. ಮುಖ ನೋಡಿದ್ರು.

"ಉರೀತಾ ಇಲ್ವೇನ್ಲಾ?"

"ಇಲ್ಲ ಭಾವ."

"ಗೊತ್ತಾಗ್ಲೇ ಇಲ್ವಾ?"

"ಇಲ್ಲ."

ಭಾವ ಕೈಲಿದ್ ಬೀಡಿನ ಪೂರಾ ಎಳ್ದು, ನೆಲಕ್ಕಾಕಿ ಹೊಸಕಿದ್ರು. ನಂಗೆ ಕೊಡ್ಲಿಲ್ಲ.

ನಮ್ ಕಡೆ ಬೆಂಕಿ ಗೊತ್ತಾಗ್ದಿರೋ ಕೈ ಅಂದ್ರೆ ಒಂದೇ ಅರ್ಥ. ದೊಡ್ಡ ರೋಗ. ಆ ಹೆಸ್ರು ಯಾರೂ ಬಾಯ್ಬಿಟ್ಟು ಹೇಳಲ್ಲ. ತುಮಕೂರ್ ಬಸ್ ಸ್ಟ್ಯಾಂಡಲ್ಲಿ ಬೆರಳಿಲ್ದಿರೋ ಕೈಗೆ ಬಟ್ಟೆ ಸುತ್ಕಂಡು ಡಬ್ಬ ಅಲ್ಲಾಡ್ಸೋರ್ನ ನಾವೆಲ್ಲ ನೋಡಿದೀವಿ. ಚಿಕ್ಕೋರಿದ್ದಾಗ ಅವ್ವ ನನ್ ಮುಖ ಸೆರಗಲ್ಲಿ ಮುಚ್ಚಿ ಎಳ್ಕಂಡ್ ಹೋಗೋಳು. ಅವತ್ತು ಆ ಹುಣಸೇಮರ ಹತ್ತಿ ಇಳಿಯೋ ತಂಕ ನಂಗೆ ಆ ಡಬ್ಬದ್ ಸದ್ದೇ ಕಿವೀಲಿ.

ಮಧ್ಯಾಹ್ನ ಬಿಸ್ಲು ಬಿದ್ದಾಗ ಸುಟ್ಟಿದ್ದು ಉರಿಯಾಕೆ ಹತ್ತಿತು. ಎಂತ ಉರಿ ಅಂದ್ರೆ ಕಣ್ಣಲ್ಲಿ ನೀರು. ಭಾವನ್ಗೆ ಹೇಳೋಣ ಅಂದ್ಕಂಡೆ. ಅವ್ರು ದೂರ ಕೂತು ಬುತ್ತಿ ಬಿಚ್ತಿದ್ರು. ನಾವು ಯಾವಾಗ್ಲೂ ಒಂದೇ ಡಬ್ರೀಲಿ ಉಣ್ಣೋರು. ಅವತ್ತು ನನ್ ಪಾಲಿನ್ ಮುದ್ದೆ ಎಲೆ ಮ್ಯಾಲೆ ಹಾಕಿ ಇಟ್ಟಿದ್ರು. ನಾನು ಬಾಯ್ ಮುಚ್ಕಂಡ್ ಉಂಡೆ. ಆ ಉರಿ ವಿಚಾರ ಅವತ್ತೇ ಬಾಯ್ ಬುಟ್ಟಿದ್ರೆ ಎಷ್ಟೋ ಉಳೀತಿತ್ತು. ಅದು ಆಮೇಲ್ ತಿಳೀತು.

ಮನೇಲಿ ಭಾವ ಅಕ್ಕನ್ಗೆ ಹೇಳಿರ್ಬೇಕು. ಮಾರನೇ ದಿನ ನನ್ ಲೋಟ ಬೇರೆ ಆಯ್ತು. ಅಂಚು ಸೊಟ್ಟ ಇರೋ ಹಿತ್ತಾಳೆ ಲೋಟ, ಗೂಡಲ್ಲಿ ಒಂದೇ ಇಟ್ಟಿದ್ಲು. ನನ್ ತಟ್ಟೆ ತೊಳ್ಯಾಕೆ ಕೈ ಹಾಕ್ದಾಗ "ಬುಡು, ನಾನೇ ತೊಳೀತೀನಿ" ಅಂದೆ. ಅವ್ಳು ಬುಟ್ಲು. ಬುಡ್ಬಾರ್ದಿತ್ತು ಅನ್ನಂಗೆ ಮುಖ ಮಾಡ್ಕಂಡು ಬುಟ್ಲು.

ಅವ್ಳಿಗೆ ಹೆಣ್ಮಗು, ಆಗ ತಾನೇ ಅಂಬೆಗಾಲು. ನಾನು ಬಂದ್ರೆ ತೆವಳ್ಕಂಡ್ ಬಂದು ಕಾಲು ಹಿಡ್ಕಳೋದು. ಅವತ್ತೂ ಬಂತು. ಅಕ್ಕ ಒಲೆ ಮುಂದಿಂದ ಎದ್ದೋಳು, ಮಗೂನ ಎತ್ಕಂಡು, "ಮಾಮನ್ಗೆ ಸುಸ್ತು ಕಣೇ, ಬಾ" ಅಂದ್ಲು. ನಾನು ಹೊರ್ಗೆ ಜಗಲೀಲಿ ಕೂತೆ.

"ಶಿವ," ಅಂತ ಒಳಗಿಂದ್ಲೇ ಕೇಳಿದ್ಲು, "ಬೆನ್ ಮ್ಯಾಲೆ ಎಲ್ಲಾದ್ರೂ ಮಚ್ಚೆ ಬಂದೈತೇನೋ? ಬೆಳ್ಳಗೆ?"

"ಬೆನ್ನು ನಂಗೆಂಗೆ ಕಾಣ್ತದೆ? ನೀನೇ ಬಂದ್ ನೋಡು."

ಬಂದ್ಲು. ಲಾಟೀನು ಹಿಡ್ದು ನೋಡಿದ್ಲು. ಅವ್ಳ ಕೈ ಬೆನ್ನಿಗೆ ತಾಗ್ಲಿಲ್ಲ, ಲಾಟೀನಿನ್ ಬಿಸಿ ಮಾತ್ರ ತಾಗ್ತಿತ್ತು. "ಇಲ್ಲ ಕಣೋ," ಅಂದು ಅಲ್ಲೇ ಸೆರಗು ಬಾಯಿಗಿಟ್ಕಂಡು ಅತ್ಲು. ನಂಗೆ ಸಿಟ್ಟು ಬಂತು. ಇಲ್ಲ ಅಂದ್ ಮ್ಯಾಲೆ ಅಳೋದ್ ಯಾಕೆ? "ಅತ್ರೆ ಏನ್ ಬಂತು?" ಅಂದೆ.

ಕುಣಿಗಲ್ಲಲ್ಲಿ ಒಬ್ರು ಡಾಕ್ಟ್ರಿಗೆ ತೋರಿಸ್ದೆ. ನರ ವೀಕು ಅಂತ ಸೂಜಿ ಹಾಕಿ, ಕೆಂಪು ಟಾನಿಕ್ಕು ಕೊಟ್ರು. ಆ ರೋಗಾನಾ ಅಂತ ನಾನು ಕೇಳ್ಲಿಲ್ಲ. ಕೇಳಿದ್ರೆ ಹೌದು ಅಂದ್ಬುಟ್ರೆ? ಅವ್ರೂ ಹೇಳ್ಲಿಲ್ಲ. ಟಾನಿಕ್ಕು ಖಾಲಿ ಆಯ್ತು, ಬೆರಳು ಅಂಗೇ ಇತ್ತು.

ಕೆಲ್ಸ ಬುಡ್ಲಿಲ್ಲ. ಭಾವನೂ ಬುಡು ಅನ್ಲಿಲ್ಲ. ಬಿಟ್ರೆ ಊರಲ್ಲಿ ಯಾಕೆ ಅಂತ ಕೇಳ್ತಾರೆ, ಅವಾಗ ಏನ್ ಹೇಳೋದು? ಅವ್ರು ಹಗ್ಗ ಹಿಡೀತಿದ್ರು, ನಾನು ಹತ್ತತಿದ್ದೆ. ಬೀಡಿ ಅವ್ರೊಬ್ರೇ ಸೇದೋರು, ನನ್ ಬೀಡಿ ನಾನು. ಹಗ್ಗದ ಎರಡು ತುದೀಲಿ ಇಬ್ರೂ.

ಆಮೇಲೆ ಗುಬ್ಬಿ ಹತ್ರದ ಆ ಮರ.

ಚೇಳೂರಿಂದ ಗುಬ್ಬಿಗೋಗೋ ರಸ್ತೇಲಿ, ಒಂದು ಹಳೇ ಗೋಣಿಮರ. ಒಂದು ದಪ್ಪ ಕೊಂಬೆ ರಸ್ತೆ ಮ್ಯಾಲೆ ಚಾಚ್ಕಂಡಿತ್ತು, ಬಸ್ಸಿನ್ ಟಾಪಿಗೆ ಬಡೀತದೆ ಅಂತ ಕಡ್ಯಾಕೆ ಹೇಳಿದ್ರು. ಹಿಂದಿನ್ ದಿನ ಸೋನೆ ಮಳೆ. ತೊಗಟೆ ತಣ್ಣಗೆ, ಒದ್ದೆ. ಗಾಳಿ ಬೇರೆ. ಹತ್ತಿ ಕವಲಲ್ಲಿ ಕೂತ್ಕಂಡೆ, ಸೊಂಟದ್ ಹಗ್ಗ ನೋಡ್ಕಂಡೆ, ಮಿಷನ್ ಎಳ್ಕಂಡೆ, ಸ್ಟಾರ್ಟ್ ಮಾಡ್ದೆ. ಚೈನು ಮೊಂಡಾಗಿತ್ತು. ಮೊಂಡು ಚೈನು ಕಡ್ಯಲ್ಲ, ತಿಕ್ತದೆ. ಮಿಷನ್ ಪೂರಾ ಅದುರ್ತದೆ. ಹಲ್ಲಿನ್ ತಂಕ ಅದುರು. ಅದುಮಿ ಅದುಮಿ ಕೊಯ್ದೆ.

ಅರ್ಧ ಕೊಯ್ದಿದ್ದೆ. ಪಟ್ಟಿ ಕಚ್ಕಂತು. ರೇಸ್ ಬುಟ್ಟು ಹಿಂದಕ್ಕೆಳ್ಯೋಣ ಅಂತ ಬೆರಳು ಬುಟ್ಟೆ.

ರೇಸು ನಿಲ್ಲಿಲ್ಲ.

ಬಗ್ಗಿ ನೋಡ್ದೆ. ಬೆರಳು ಕುದುರೆ ಮ್ಯಾಲೇ ಇತ್ತು. ಬೆಳ್ಳಗೆ, ಕೊಕ್ಕೆ ತರ ಬಾಗಿ ಬಿಗ್ಕಂಡಿತ್ತು. ನಾನು ಬುಟ್ಟೆ ಅಂದ್ಕಂಡಿದ್ದೆ, ಅದು ಬುಟ್ಟಿರ್ಲಿಲ್ಲ. ಬುಡು ಅಂತ ಮನಸ್ಸಲ್ಲಿ ಬೈದೆ. ಅದು ನನ್ ಬೆರಳೇ ಅಲ್ಲ ಅನ್ನಂಗೆ ಅಲ್ಲೇ ಇತ್ತು. ಐದೂ ಬೆರಳು ಮರಗಟ್ಟಿ ಹಿಡೀನ ಕಚ್ಕಂಡಿದ್ವು. ಆಫ್ ಮಾಡೋ ಗುಂಡಿ ಹೆಬ್ಬೆರಳ ಹತ್ರ. ಹೆಬ್ಬೆರಳು ಅಲ್ಲಿಗೆ ಹೋಗ್ತಿಲ್ಲ. ಎಡಗೈಲಿ ಒತ್ತೋಣ ಅಂದ್ರೆ ಎಡಗೈ ಮುಂದಿನ್ ಹಿಡೀಲಿ. ಅದುನ್ನ ಬುಟ್ರೆ ಮಿಷನ್ ಹಿಡ್ತಕ್ಕೆ ಸಿಗಲ್ಲ, ಒದ್ದು ನನ್ ತೊಡೆ ಮ್ಯಾಲೆ ಬರ್ತದೆ. ಪಟ್ಟಿ ಮರದೊಳ್ಗೆ ಕಚ್ಕಂಡಿರೋ ತಂಕ ಸರಿ. ಕೊಂಬೆ ಮುರುದ್ರೆ ಮಿಷನ್ ಓಡ್ತಾ ಓಡ್ತಾ ಹೊರ್ಗೆ ಬರ್ತದೆ. ಹೊರ್ಗೆ ಬಂದ್ರೆ ಮುಂದ್ಗಡೆ ಇರೋದು ನನ್ ಕಾಲು, ಮತ್ತೆ ನನ್ ಹಗ್ಗ.

ಕೊಂಬೆ ಒಳಗಿಂದ ಚಟಕ್ ಅಂತು.

"ಭಾವ!" ಅಂತ ಕಿರುಚ್ದೆ. "ಕೈ ಬುಡ್ತಾ ಇಲ್ಲ!"

"ಏನ್ಲಾ?"

"ಕೈ! ಕೈ ಬುಡ್ತಾ ಇಲ್ಲ ಭಾವ! ಮಿಷನ್ ಬುಡ್ಸಾಕಾಗ್ತಾ ಇಲ್ಲ!"

ಕೆಳ್ಗೆ ನೋಡಾಕೂ ಆಗ್ಲಿಲ್ಲ. ಹಗ್ಗ ಒಂದ್ಸಲ ಸಡಿಲ ಆಗಿ ಮತ್ತೆ ಬಿಗೀತು. ಬೇರಿಗೆ ಸುತ್ತಿ ಕಟ್ತಿದ್ರು ಅಂತ ಆಮೇಲ್ ಗೊತ್ತಾಯ್ತು. ಆ ಗಳಿಗೇಲೂ ಆ ಮನುಷ್ಯ ಹಗ್ಗ ಕಟ್ದೆ ಬರ್ಲಿಲ್ಲ. ಚಪ್ಪಲಿ ಬುಟ್ಟು, ಪಂಚೆ ಎತ್ತಿ ಕಟ್ಟಿ, ಒದ್ದೆ ಕಾಂಡ ತಬ್ಕಂಡು ಹತ್ತಿದ್ರು. ಅವ್ರಿಗೆ ಹಗ್ಗ ಇಲ್ಲ. ಅವ್ರ್ ಉಸ್ರು ನನ್ ಕಾಲ ಹತ್ರ ಕೇಳ್ತು, ಆಮೇಲೆ ಸೊಂಟದ್ ಹತ್ರ.

"ಅಲ್ಲಾಡ್ಬೇಡ. ಅಂಗೇ ಹಿಡ್ಕ. ಎಡಗೈ ಬುಡ್ಬೇಡ, ಕೇಳ್ತಾ?"

"ಬೇಗ ಭಾವ."

"ಸುಮ್ಕಿರ್ಲಾ."

ಹಿಂದ್ಗಡೆಯಿಂದ ನನ್ ತಬ್ಕಂಡು, ಕೈ ಮುಂದಕ್ಕಾಕಿ ಗುಂಡಿ ಒತ್ತಿದ್ರು. ಮಿಷನ್ ನಿಂತೋಯ್ತು. ಆಮೇಲೆ ನನ್ ಬೆರಳ್ನ ಒಂದೊಂದಾಗಿ ಬಿಡ್ಸಿದ್ರು. ಎಲ್ಡೂ ಕೈಲಿ ಹಿಡ್ದು, ಉಡದ ಪಟ್ಟು ಬಿಡ್ಸಿದಂಗೆ. ಆ ಬೆರಳು ಮುಟ್ಟಿದ್ದು ಅವ್ರೇ ಮೊದ್ಲು, ಅಷ್ಟ್ ದಿನ ಆದ್ ಮ್ಯಾಲೆ. ನಂಗೆ ಗೊತ್ತಾಗ್ಲಿಲ್ಲ, ಬರೀ ಕಣ್ಣಲ್ಲಿ ನೋಡ್ದೆ.

ಮಿಷನ್ ಬಿಚ್ಕಂಡು ಹಗ್ಗದಲ್ಲಿ ಇಳ್ಸಿ ಮುಗುಸ್ತಿದ್ದಂಗೆ ಕೊಂಬೆ ತಾನಾಗೇ ಮುರ್ಕಂಡು ರಸ್ತೆಗೆ ಬಿತ್ತು. ಅದೃಷ್ಟಕ್ಕೆ ಬಸ್ಸು ಇರ್ಲಿಲ್ಲ.

ಕೆಳ್ಗಿಳ್ದು ಇಬ್ರೂ ಬೇರಿನ್ ಮ್ಯಾಲೆ ಕೂತೋ. ಭಾವನ್ ಎದೆ ತೊಗಟೆ ಕೆರ್ದು ರಕ್ತ. ಅವ್ರು ತಮ್ ಎಲ್ಡೂ ಅಂಗೈ ನೋಡ್ಕಂಡ್ರು. ಆಮೇಲೆ ಪಂಚೆಗೆ ಒರೆಸ್ಕಂಡ್ರು. ಒಂದ್ಸಲ. ಇನ್ನೊಂದ್ಸಲ.

ನಾನು ನೋಡ್ದೆ. ನಾನ್ ನೋಡಿದ್ದು ಅವ್ರಿಗೂ ಗೊತ್ತಾಯ್ತು.

"ನಾಳೆ ತುಮಕೂರ್‌ಗೆ ಹೋಗವ," ಅಂದ್ರು. "ಅದೇ ಆಗಿದ್ರೆ ಅದೇ. ಮರದ್ ಮ್ಯಾಲೆ ಸಾಯ್ಬೇಡ."

ತುಮಕೂರಿನ್ ದೊಡ್ಡಾಸ್ಪತ್ರೇಲಿ ಚರ್ಮದ್ ರೋಗಕ್ಕೆ ಬೇರೆ ರೂಮು. ಹೊರ್ಗೆ ಉದ್ದ ಬೆಂಚು. ಅಲ್ಲಿ ಕೂರೋರು ಒಬ್ರ ಮುಖ ಒಬ್ರು ನೋಡಲ್ಲ. ಹೆಂಗಸ್ರು ಸೆರಗು ಮುಚ್ಕಂಡಿರ್ತಾರೆ, ಗಂಡಸ್ರು ಟವಲ್. ಚೇಳೂರವ್ರು ಯಾರಾದ್ರೂ ಇದಾರಾ ಅಂತ ಕಂಬದ್ ಮರೆಯಿಂದ ನೋಡ್ದೆ. ಇರ್ಲಿಲ್ಲ. ಬೆಂಚಲ್ಲಿ ಒಂದೇ ಜಾಗ ಖಾಲಿ, ಒಬ್ಬ ವಯಸ್ಸಾದ್ ಮನುಷ್ಯನ್ ಪಕ್ಕ. ಆತನ್ ಬಲಗೈಲಿ ಬೆರಳು ಅರ್ಧ ಅರ್ಧ ಇದ್ವು. ನಾನು ನಿಂತೇ ಇದ್ದೆ.

ಆತ ನನ್ ಕಡೆ ತಿರುಗಿ, "ಕೂತ್ಕಳಪ್ಪ. ಬೆಂಚು ಕಚ್ಚಲ್ಲ," ಅಂದ. ಆಮೇಲೆ ಅರ್ಧ ಬೆರಳ ಕೈ ಎತ್ತಿ ತೋರ್ಸಿ, "ಇದೂ ಕಚ್ಚಲ್ಲ," ಅಂತ ನಕ್ಕ.

ಕೂತೆ. ಏನ್ ಮಾಡಾದು.

"ಹೊಸಬ್ನಾ?"

"ಊಂ."

"ಬೇಗ ಬಂದಿದೀಯ. ನಾನು ಮನೆಯವ್ರಿಗೆ ಹೆದ್ರಿ ತಡ ಮಾಡ್ಕಂಡೆ. ಈಗ ಮಾತ್ರೆ ಐತೆ, ತಿಂತಾ ಇದೀನಿ, ನಿಂತೋಗೈತೆ. ಹೋಗಿದ್ ಬೆರಳು ಮಾತ್ರ ವಾಪಸ್ ಕೊಡಲ್ಲ ಇವ್ರು." ಆತ ಬಿಡಿಸ್ಕಂಡಿದ್ದ ಕಡ್ಲೇಕಾಯಿ ಬೀಜ ನನ್ ಕಡೆ ಚಾಚ್ದ. ಭಾವ ಕಂಬಕ್ಕೆ ಒರಗಿ ನಿಂತು ನೋಡ್ತಿದ್ರು. ನಾನು ಎರಡು ಬೀಜ ತಗಂಡು ಬಾಯಿಗಾಕ್ಕಂಡೆ. ಅವತ್ತು ನಂಗೆ ತಿನ್ನಾಕೆ ಕೈಯಿಂದ ಕೊಟ್ಟೋನು ಆತ ಒಬ್ನೇ.

ನಮ್ ಸರದಿ ಬಂತು. ಒಳಗೆ ಡಾಕ್ಟ್ರಮ್ಮ. ಕನ್ನಡಕ, ದಣಿದಿರೋ ಮುಖ. ಅಂಗಿ ಬಿಚ್ಚುಸ್ದ್ರು. ಕಣ್ ಮುಚ್ಕೋ ಅಂದು ಹತ್ತೀಲಿ ಮೈಯೆಲ್ಲ ಮುಟ್ಟಿ ಮುಟ್ಟಿ ಕೇಳಿದ್ರು.

"ಇಲ್ಲಿ ಗೊತ್ತಾಗುತ್ತಾ?"

"ಊಂ."

"ಇಲ್ಲಿ?"

"ಊಂ."

ಬೆರಳಿಗೆ ಬಂದ್ರು. ನಂಗೆ ಬೆವ್ರು. ಬೇಗ ಹೇಳ್ಬುಡೋಣ, ಗೊತ್ತಾಗ್ದಿದ್ರೂ ಊಂ ಅನ್ಬುಡೋಣ ಅನ್ನುಸ್ತು. ಅಷ್ಟ್ರಲ್ಲೇ ಹತ್ತಿ ತಾಗಿದ್ದು ಗೊತ್ತಾಯ್ತು. ಎಲ್ಲಾ ಬೆರಳಲ್ಲೂ ಗೊತ್ತಾಯ್ತು. ಎಲ್ಡು ಗಾಜಿನ್ ಕೊಳವೆ, ಒಂದ್ರಲ್ಲಿ ಬಿಸಿನೀರು ಒಂದ್ರಲ್ಲಿ ತಣ್ಣೀರು, ಅದೂ ಗೊತ್ತಾಯ್ತು. ಮೊಣಕೈ ಹತ್ರ ನರ ಹಿಡ್ದು ಒತ್ತಿದ್ರು. ದಪ್ಪ ಆಗಿಲ್ಲ ಅಂದ್ರು. ಸುಟ್ಟ ಗಾಯ ನೋಡಿದ್ರು.

"ಇದು ಸುಟ್ಟಾಗ ಗೊತ್ತಾಗ್ಲಿಲ್ಲ ಅಂದೆ. ಆಮೇಲಾದ್ರೂ ನೋವು ಬಂತಾ?"

ಭಾವ ಹಿಂದಿಂದ, "ಇಲ್ಲ ತಾಯಿ, ಒಂಚೂರೂ ನೋವಿರ್ಲಿಲ್ಲ," ಅಂದ್ರು.

"ಬಂತು," ಅಂದೆ ನಾನು. "ಮಧ್ಯಾಹ್ನ ಬಂತು. ಕಣ್ಣಲ್ಲಿ ನೀರು ಬಂದ್ಬುಡ್ತು."

ಭಾವ ನನ್ ಕಡೆ ನೋಡಿದ್ರು. "ಹೇಳ್ಲೇ ಇಲ್ಲ?"

"ನೀವ್ ದೂರ ಕೂತಿದ್ರಿ."

ಡಾಕ್ಟ್ರಮ್ಮ ಇಬ್ರ ಮುಖಾನೂ ನೋಡಿ, ಪೆನ್ನು ಕೆಳಗಿಟ್ರು. "ಏನ್ ಕೆಲ್ಸ ಮಾಡ್ತೀಯಪ್ಪ?"

ಹೇಳ್ದೆ. ಮಿಷನ್ನು ಎಂಗಿರ್ತದೆ, ಎಂಗೆ ಅದುರ್ತದೆ, ಎಲ್ಲಾ ಕೇಳಿದ್ರು. ಬೀಡಿ ಸೇದ್ತೀಯಾ ಅಂದ್ರು. ಆಮೇಲೆ ಆಯಾನ ಕರ್ದು ಬೇಸಿನ್ನಲ್ಲಿ ತಣ್ಣೀರು, ಐಸು ತರ್ಸಿದ್ರು. "ಎರಡೂ ಕೈ ಇದ್ರಲ್ಲಿ ಇಡು. ನಾನ್ ಹೇಳೋ ತನಕ ತೆಗೀಬೇಡ."

ಇಟ್ಟೆ. ಕೊರೀತು. ಭಾವ ಹತ್ರ ಬಂದು ಬಗ್ಗಿ ನೋಡ್ತಿದ್ರು. ತೆಗಿ ಅಂದ್ರು, ತೆಗ್ದೆ. ಮೂರು ಜನದ್ ಕಣ್ ಮುಂದೆ ತುದಿಯಿಂದ ಶುರುವಾಗಿ ಬಿಳಿ ಮ್ಯಾಲೆ ಹತ್ತಿತು. ಗೆರೆ ಎಳ್ದಂಗೆ ನಿಂತ್ಕತು. ಡಾಕ್ಟ್ರಮ್ಮ ಹತ್ತೀಲಿ ಮುಟ್ಟಿದ್ರು. ಗೊತ್ತಾಗ್ಲಿಲ್ಲ. ಆಮೇಲೆ ಬಿಸಿನೀರು ಪಾತ್ರೆ. ನೀಲಿ ಆಯ್ತು, ಕೆಂಪಾಯ್ತು, ಉರಿ ಶುರು. ನಾನು ಹಲ್ಲು ಕಚ್ದೆ.

"ಉರೀತಾ ಐತಾ?" ಅಂದ್ರು ಭಾವ.

"ಬೆಂಕಿ ಬಿದ್ದಂಗೆ ಉರೀತೈತೆ ಭಾವ."

ಭಾವನ್ ಮುಖ ಅರಳಿಹೋಯ್ತು. ಒಬ್ಬ ಉರೀತದೆ ಅಂತ ಒದ್ದಾಡ್ತಿದ್ರೆ ಇನ್ನೊಬ್ಬ ನಗೋದು ನೋಡಿ ಆಯಾನೇ ನಕ್ಬುಟ್ಲು.

"ನೀವು ಅಂದ್ಕೊಂಡಿರೋ ಕಾಯಿಲೆ ಇದಲ್ಲ," ಅಂದ್ರು ಡಾಕ್ಟ್ರಮ್ಮ. "ಅದಾಗಿದ್ರೂ ಓಡಿ ಹೋಗೋ ಅಂತದ್ದೇನಿಲ್ಲ, ಮಾತ್ರೆ ಇದೆ. ಲೋಟ ಬೇರೆ ಮಾಡೋದ್ರಿಂದ ಯಾವ್ ಕಾಯಿಲೆನೂ ವಾಸಿ ಆಗಲ್ಲ." ಲೋಟದ್ ವಿಚಾರ ನಾವ್ಯಾರೂ ಹೇಳಿರ್ಲಿಲ್ಲ. ಆ ರೂಮಿಗೆ ಬರೋರ್ ಮನೇಲೆಲ್ಲ ಅದೇ ನಡೀತದೆ ಅಂತ ಕಾಣ್ತದೆ. "ಇದು ನಿನ್ ಮಿಷನ್ ಕೊಟ್ಟಿರೋದು. ಅದುರಿ ಅದುರಿ ಬೆರಳಿನ್ ರಕ್ತನಾಳ ಕೆಟ್ಟಿದಾವೆ. ಚಳಿ ತಾಗಿದ್ ಕೂಡ್ಲೇ ಮುಚ್ಕೊಂಡ್ಬಿಡ್ತವೆ."

"ವಾಸಿ ಆಗತ್ತಾ?"

"ಪೂರ್ತಿ ಆಗುತ್ತೆ ಅಂತ ಸುಳ್ಳು ಹೇಳಲ್ಲ. ಮಿಷನ್ ಬಿಟ್ರೆ, ಬೀಡಿ ಬಿಟ್ರೆ, ಕೈ ಬೆಚ್ಚಗಿಟ್ಕೊಂಡ್ರೆ ಕಮ್ಮಿ ಆಗಬಹುದು. ಬಿಡಲ್ಲ ಅಂದ್ರೆ ಒಂದಿನ ಬೆರಳೇ ಹೋಗುತ್ತೆ. ಅಥ್ವಾ ಅದಕ್ ಮುಂಚೆ ನೀನೇ ಮರದಿಂದ ಹೋಗ್ತೀಯ."

ಹೊರ್ಗೆ ಬಂದೋ. ಬೆಂಚಿನ್ ಮ್ಯಾಲೆ ಆತ ಇನ್ನೂ ಕೂತಿದ್ದ. "ಏನಂದ್ರು?" ಅಂದ. ನಮ್ದು ಅದಲ್ಲ ಅಂತ ಹೇಳಾಕೆ ಬಾಯೇ ಬರ್ಲಿಲ್ಲ. ಮಿಷನ್ ಬುಡ್ಬೇಕಂತೆ ಅಂದೆ ಅಷ್ಟೇ. "ಬುಡು ಮತ್ತೆ," ಅಂದ. ಭಾವ ಆತನ್ ಮುಂದೆ ಒಂದ್ ಗಳಿಗೆ ನಿಂತ್ರು. ಏನ್ ಅನ್ನುಸ್ತೋ, ಜೇಬಲ್ಲಿದ್ ಬೀಡಿ ಕಟ್ಟು, ಬೆಂಕಿಪೊಟ್ಣ ತೆಗ್ದು ಆತನ್ ಅಂಗೈಲಿ ಇಟ್ರು. ಕೈಗೆ ಕೈ ತಾಗಿಸ್ಕಂಡೇ ಇಟ್ರು. "ನಮ್ಗೆ ಇನ್ ಬ್ಯಾಡ್ವಂತೆ, ನೀವ್ ಸೇದಿ," ಅಂದ್ರು. ಈ ಸಲ ಪಂಚೆಗೆ ಒರೆಸ್ಕಳ್ಳಿಲ್ಲ.

ಮನೆಗೋದಾಗ ಭಾವ ಬಾಗ್ಲಲ್ಲೇ, "ಅದಲ್ವಂತೆ ಕಣೇ!" ಅಂದ್ರು. ಅಕ್ಕ ಮಗೂನ ತಂದು ನನ್ ತೊಡೆ ಮ್ಯಾಲೆ ಹಾಕಿ ಒಳಗೋದ್ಲು. ಸೊಟ್ಟ ಲೋಟ ಎಲ್ಲೋಯ್ತು ಅಂತ ನಾನೂ ಕೇಳ್ಲಿಲ್ಲ, ಅವ್ಳೂ ಹೇಳ್ಲಿಲ್ಲ. ಆಮೇಲ್ ಅದುನ್ನ ನಾನ್ ನೋಡಿಲ್ಲ.

ಅಲ್ಲಿಗೆ ಎಲ್ಲಾ ಸರಿಹೋಯ್ತು ಅಂತ ಬರ್ದ್ರೆ ಸುಳ್ಳಾಗ್ತದೆ. ಸಾಬ್ರಿಗೆ ಹೇಳಿದಾಗ ಮೊದ್ಲು ನಂಬ್ಲಿಲ್ಲ. "ಕ್ಯಾ ರೇ, ಮಿಷನ್ನಿಂದ ಕೈ ಬೆಳ್ಳಗಾಗ್ತದಾ? ಸುಣ್ಣ ಹಚ್ಕಂಡ್ ಬಂದಿದೀಯಾ?" ಅಂದ್ರು. ಅಲ್ಲೇ ತೊಟ್ಟೀಲಿ ಕೈ ಅದ್ದಿ ತೋರಿಸ್ದೆ. ಬೆಳ್ಳಗಾಗ್ತಿದ್ದಂಗೆ ಹಿಂದಕ್ಕೆ ಸರುದ್ರು, ಆಮೇಲ್ ತಾವೇ ಹತ್ರ ಬಂದು ಬೆರಳು ಹಿಡ್ದು ನೋಡಿದ್ರು. ಮಿಷನ್ ಬಿಚ್ಚುಸಿದ್ರೆ, ಹಿಡಿ ಕೆಳ್ಗೆ ಅದುರು ತಡ್ಯಾಕೆ ಅಂತ ಇರೋ ರಬ್ಬರು ಸವ್ದು ಪುಡಿಯಾಗಿತ್ತು. ಹೊಸ್ದು ಹಾಕುಸ್ದ್ರು. ಚೈನು ದಿನಾ ಸಾಣೆ ಹಿಡೀಬೇಕು ಅಂತ ಆಯ್ತು.

ಹತ್ತೋರು ಯಾರು ಅನ್ನೋದು ಬಂತು. ನಾನಂತೂ ಅಲ್ಲ. ಒಂದು ವಾರ ಜಗಲೀಲೇ ಕೂತಿದ್ದೆ. ಮರ ಹತ್ತೋದು ಬುಟ್ರೆ ನಂಗೆ ಬೇರೇನೂ ಬರಲ್ಲ. ಭಾವ ಒಂದಿನ ಬೆಳಗ್ಗೆ ಸೊಂಟಕ್ಕೆ ಹಗ್ಗ ಸುತ್ಕಂಡು, ಇನ್ನೊಂದು ತುದಿ ನನ್ ಮುಂದೆ ಎಸುದ್ರು.

"ಹಿಡ್ಕ. ನೀನ್ ಹಿಡ್ದ್ರೆ ನಾನ್ ಹತ್ತೀನಿ. ಬೇರೆ ಯಾವನ್ ಕೈಗೂ ಕೊಡಲ್ಲ."

"ನನ್ ಕೈ ಜೋಮು ಹಿಡುದ್ರೆ?"

"ಬೇರಿಗೆ ಒಂದ್ ಸುತ್ತು ಹಾಕ್ಕ. ಕೈಗವಸು ಹಾಕ್ಕ. ಅಷ್ಟ್ ಗೊತ್ತಾಗಲ್ವಾ?"

ಈಗ ಹಿಂಗೇ ನಡೀತಾ ಐತೆ. ಅಕ್ಕ ಉಲ್ಲನ್ ಕೈಗವಸು ಹೆಣ್ದು ಕೊಟ್ಟವ್ಳೆ. ಒಂದು ದೊಡ್ದು, ಒಂದು ಚಿಕ್ಕದು ಆಗೈತೆ. ಹಾಕ್ಕತೀನಿ. ಚಳೀಲಿ ಈಗ್ಲೂ ಬೆರಳು ಬೆಳ್ಳಗಾಗ್ತವೆ, ಮೊದ್ಲಿನಷ್ಟಿಲ್ಲ. ಮೂರು ಕೊಂಬೆ ಆದ್ ಮ್ಯಾಲೆ ಭಾವ ಇಳಿಬೇಕು ಅಂತ ಕಟ್ಟಳೆ, ಮಿಷನ್ ಆಫ್ ಮಾಡಿ ಕೈ ಉಜ್ಕಬೇಕು. ಬೀಡಿ ಹೋಯ್ತು. ಭಾವನೂ ಬುಟ್ರು. ಅದ್ರ ಜಾಗಕ್ಕೆ ಇನ್ನೊಂದು ಬಂತು. ಹತ್ತೋಕ್ ಮುಂಚೆ ಭಾವ ಕೈ ಚಾಚ್ತಾರೆ. ನಾನು ಒಂದೊಂದೇ ಬೆರಳು ಹಿಡ್ದು ಅದುಮಿ ನೋಡ್ತೀನಿ. ಬುಟ್ಟಾಗ ಕೆಂಪು ವಾಪಸ್ ಬಂದ್ರೆ ಹತ್ತೋದು. ಬರ್ದಿದ್ರೆ ಇಲ್ಲ.

ಹೋದ್ ವಾರ ಬೆಳ್ಳಾವಿ ರಸ್ತೇಲಿ ಒಂದು ಬೇವಿನ್ ಮರ. ಬೆಳಗ್ಗೆ ಚಳಿ ಜಾಸ್ತಿ ಇತ್ತು. ಭಾವ ಕೈ ಕೊಟ್ರು. ತೋರುಬೆರಳು ಅದುಮಿ ಬುಟ್ಟೆ. ತುದಿ ಬೆಳ್ಳಗೇ ನಿಂತ್ಕತು. ಕಾದೆ. ಇನ್ನೂ ಬೆಳ್ಳಗೇ. ಬರೀ ಚಳಿಯೋ, ಶುರುವಾಗೈತೋ ನಂಗೆ ಗೊತ್ತಿಲ್ಲ.

"ಇವತ್ತು ಹತ್ತಂಗಿಲ್ಲ ಭಾವ."

"ಸಾಬ್ರು ಲಾರಿ ಕಳ್ಸವ್ರೆ ಕಣ್ಲಾ."

"ಲಾರಿ ಖಾಲಿ ಹೋಗ್ಲಿ. ಕೂತ್ಕಳಿ."

ಅವ್ರು ಒಂದ್ ಗಳಿಗೆ ನನ್ ಮುಖ ನೋಡಿದ್ರು. ಆಮೇಲೆ ಹಗ್ಗ ಬಿಚ್ಚಿ ಬೇರಿನ್ ಮ್ಯಾಲೆ ಕೂತ್ರು. ನಾನು ಕೈಗವಸು ತೆಗ್ದು, ಅವ್ರ್ ಎಲ್ಡೂ ಕೈನ ನನ್ ಅಂಗೈ ಮಧ್ಯೆ ಇಟ್ಕಂಡು ಉಜ್ಜಾಕೆ ಕೂತೆ. ಬಸ್ಸು ಬಂತು. ಕಿಟಕೀಲಿ ಕೂತಿದ್ದೋರೆಲ್ಲ ಕತ್ತು ತಿರುಗ್ಸಿ, ಇಬ್ರು ಗಂಡಸ್ರು ರಸ್ತೆ ಪಕ್ಕ ಕೈ ಕೈ ಹಿಡ್ಕಂಡ್ ಕೂತಿರೋದು ನೋಡ್ತಾ ಹೋದ್ರು.

"ಎಲ್ಲಾ ನೋಡ್ತಾವ್ರೆ ಕಣ್ಲಾ," ಅಂದ್ರು ಭಾವ.

"ನೋಡ್ಕಳ್ಲಿ ಬುಡಿ," ಅಂದೆ.

ಅವ್ರು ಕೈ ಎಳ್ಕಳ್ಳಿಲ್ಲ.